ಅಪ್ಪನಿಗೆ ಸಿಂಹ ತೋರಿಸಲು ಹೋಗಿ ಬಂದೆವು: ಮಸಾಯಿ ಮಾರಾದ ಎಂಟು ಟೆಂಟಿನ ಕ್ಯಾಂಪಿನಲ್ಲಿ ನಾಲ್ಕು ರಾತ್ರಿ

ಕೀನ್ಯಾದಿಂದ ಬಂದು ಇವತ್ತಿಗೆ ಹದಿನೇಳು ದಿನ. ಆಗಸ್ಟ್ 2025ರ ಕೊನೆಯ ವಾರ ಹೋಗಿದ್ದೆವು, ನಾನು ಮತ್ತು ಅಪ್ಪ, ಇಬ್ಬರೇ. ಹೊರಡುವ ಮುಂಚೆ ನಾಲ್ಕು ತಿಂಗಳು ಓಡಾಡಿದ್ದೇನೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದರಲ್ಲಿ ಎಲ್ಲೆಲ್ಲಿ ಕಾಲು ಎಡವುತ್ತದೆ ಅಂತ ಈಗ ಗೊತ್ತಾಗಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಅಪ್ಪ ಅರಣ್ಯ ಇಲಾಖೆಯಲ್ಲಿದ್ದವರು. ಗಾರ್ಡ್ ಆಗಿ ಸೇರಿ ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತರಾದರು. ಸರ್ವೀಸಿನ ಹೆಚ್ಚಿನ ವರ್ಷ ಕಳೆದದ್ದು ನಾಗರಹೊಳೆಯಲ್ಲಿ. ಹುಲಿ, ಆನೆ, ಕಾಟಿ, ಸೀಳುನಾಯಿ ಎಲ್ಲ ಅವರಿಗೆ ಮನೆಯ ಜನರಿದ್ದ ಹಾಗೆ. ಸಿಂಹ ಮಾತ್ರ ಮೈಸೂರು ಜೂನಲ್ಲಿ ನೋಡಿದ್ದು. ಗಿರ್‌ಗೆ ಹೋಗಬಹುದಿತ್ತಲ್ವಾ ಅಂತ ಸುಮಾರು ಜನ ಕೇಳಿದರು. ಹೋಗಬಹುದಿತ್ತು. ಆದರೆ ಅಪ್ಪನಿಗೆ ಕಣ್ಣು ಹಾಯುವಷ್ಟು ದೂರ ಹುಲ್ಲೇ ಇರುವ ಬಯಲಿನಲ್ಲಿ ಸಿಂಹ ನಡೆಯುವುದನ್ನು ನೋಡುವ ಆಸೆ. ನಾನು ಐದನೇ ಕ್ಲಾಸಿನಲ್ಲಿದ್ದಾಗಿನಿಂದ ಅದನ್ನು ಕೇಳಿದ್ದೇನೆ. ಅವರಿಗೀಗ 67. ಇನ್ನು ತಡ ಮಾಡಬಾರದು ಅನ್ನಿಸಿತು.

ಮೊದಲ ತೊಡಕು ಬಂದದ್ದು ಹೆಸರಿನಲ್ಲಿ. ಅಪ್ಪನಿಗೆ ಪಾಸ್‌ಪೋರ್ಟೇ ಇರಲಿಲ್ಲ. ನಮ್ಮ ಕಡೆಯ ಎಷ್ಟೋ ಹಿರಿಯರ ಹಾಗೆ ಅವರ ಹೆಸರಿನ ಹಿಂದೆ ಎರಡು ಇನಿಶಿಯಲ್. ಆಧಾರ್‌ನಲ್ಲಿ ಅಕ್ಷರ ಮಾತ್ರ ಇದೆ, ಪಿಂಚಣಿ ಪುಸ್ತಕದಲ್ಲಿ ಊರಿನ ಹೆಸರು ಬಿಡಿಸಿ ಬರೆದಿದೆ, ಶಾಲೆಯ ಟಿಸಿಯಲ್ಲಿ ಇನಿಶಿಯಲ್ಲೇ ಇಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮೊದಲೇ ಆಧಾರ್ ತಿದ್ದಿಸಿ, ಇನಿಶಿಯಲ್ ಬಿಡಿಸಿ ಬರೆಸಿ, ಅದನ್ನೇ ಸರ್‌ನೇಮ್ ಜಾಗಕ್ಕೆ ಹಾಕಿಸಿದೆವು. ಇದಕ್ಕೇ ಐದು ವಾರ ಹೋಯಿತು. ಸರ್‌ನೇಮ್ ಖಾಲಿ ಬಿಟ್ಟರೆ ಮುಂದೆ ಟಿಕೆಟ್ಟಿನಲ್ಲಿ, ವೀಸಾ ಫಾರ್ಮಿನಲ್ಲಿ ಒದ್ದಾಡಬೇಕಾಗುತ್ತದೆ. ಮನೆಯಲ್ಲಿ ಹಿರಿಯರಿಗೆ ಹೊಸ ಪಾಸ್‌ಪೋರ್ಟ್ ಮಾಡಿಸುವುದಿದ್ದರೆ ಈ ಕೆಲಸ ಮೊದಲು ಮುಗಿಸಿ. 60 ದಾಟಿದವರಿಗೆ ಶುಲ್ಕದಲ್ಲಿ ಹತ್ತು ಪರ್ಸೆಂಟ್ ಕಡಿಮೆಯೂ ಇದೆ.

ಆಮೇಲೆ ಜಾಗ ಆರಿಸುವ ಕೆಲಸ. ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಇಲ್ಲೇ, ಅದು ವ್ಯರ್ಥವೂ ಆಗಲಿಲ್ಲ. ಮಸಾಯಿ ಮಾರಾ ಅಂದರೆ ನಾವು ಒಂದೇ ಕಾಡು ಅಂದುಕೊಳ್ಳುತ್ತೇವೆ. 1,510 ಚದರ ಕಿಲೋಮೀಟರಿನ ರಾಷ್ಟ್ರೀಯ ಮೀಸಲು ಪ್ರದೇಶ ಒಂದು. ಅದರ ಉತ್ತರಕ್ಕೆ, ಪೂರ್ವಕ್ಕೆ ಅಂಟಿಕೊಂಡಿರುವ ಕನ್ಸರ್ವೆನ್ಸಿಗಳು ಇನ್ನೊಂದು. ಕನ್ಸರ್ವೆನ್ಸಿಯ ನೆಲ ಅಲ್ಲಿನ ದನಗಾಹಿ ಮಸಾಯಿ ಜನರ ಕುಟುಂಬಗಳದ್ದು. ಅವರು ಅದನ್ನು ಕಾಡುಪ್ರಾಣಿಗಳಿಗಾಗಿ ಬಾಡಿಗೆಗೆ ಬಿಟ್ಟಿದ್ದಾರೆ, ಕ್ಯಾಂಪುಗಳು ಬಾಡಿಗೆ ಕಟ್ಟುತ್ತವೆ. ನಾವು ಆರಿಸಿದ್ದು ಮಾರಾ ನಬೋಯಿಶೊ. 2010ರಲ್ಲಿ ಶುರುವಾದದ್ದು, ಸುಮಾರು 50,000 ಎಕರೆ, ಐನೂರಕ್ಕೂ ಹೆಚ್ಚು ಜನರ ಜಮೀನು ಸೇರಿ ಆಗಿದೆ. ಮಸಾಯಿಗಳ ಮಾ ಭಾಷೆಯಲ್ಲಿ ನಬೋಯಿಶೊ ಅಂದರೆ ಒಟ್ಟಾಗಿ ಬರುವುದು. ಇಲ್ಲಿ ಕ್ಯಾಂಪುಗಳು ಕಡಿಮೆ. ಒಂದು ಪ್ರಾಣಿಯ ಹತ್ತಿರ ಐದು ಗಾಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ದಾರಿ ಬಿಟ್ಟು ಹುಲ್ಲಿಗೆ ಇಳಿಯಬಹುದು, ಗೈಡ್ ಜೊತೆ ನಡೆಯಬಹುದು, ರಾತ್ರಿ ಸಫಾರಿಯೂ ಉಂಟು. ಮೀಸಲು ಪ್ರದೇಶದೊಳಗೆ ನಡಿಗೆಗೂ ರಾತ್ರಿ ಸಫಾರಿಗೂ ಅವಕಾಶವಿಲ್ಲ. ಜೀವಮಾನವಿಡೀ ಕಾಡಿನಲ್ಲಿ ನಡೆದೇ ಓಡಾಡಿದ ಅಪ್ಪನನ್ನು ನಾಲ್ಕು ದಿನ ಜೀಪಿನಲ್ಲೇ ಕೂರಿಸಲು ನನಗೆ ಮನಸ್ಸಿರಲಿಲ್ಲ.

ಈಗ ದುಡ್ಡಿನ ವಿಷಯ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ವಿಲ್ಡೆಬೀಸ್ಟ್ ಅನ್ನುವ ಜಿಂಕೆಯ ಥರದ ದೊಡ್ಡ ಪ್ರಾಣಿಗಳ ಹಿಂಡು ವಲಸೆ ಬರುವ ಸೀಸನ್ ಆದ್ದರಿಂದ ಒಬ್ಬರಿಗೆ ಒಂದು ರಾತ್ರಿಗೆ 780 ಡಾಲರ್. ಊಟ, ಸಫಾರಿ, ಬಟ್ಟೆ ಒಗೆಯುವುದು, ಕನ್ಸರ್ವೆನ್ಸಿ ಶುಲ್ಕ ಎಲ್ಲ ಅದರಲ್ಲೇ. ನಮ್ಮ ಮನೆಯವರೂ ಬರುವುದಿತ್ತು, ಮಗನ ಪರೀಕ್ಷೆ ಅಡ್ಡ ಬಂತು. ಅವರೂ ಬಂದಿದ್ದರೆ ಅಪ್ಪನಿಗೆ ಬೇರೆ ಟೆಂಟ್ ಬೇಕಾಗುತ್ತಿತ್ತು. ಒಬ್ಬರೇ ಒಂದು ಟೆಂಟ್ ಹಿಡಿದರೆ ಸಿಂಗಲ್ ಸಪ್ಲಿಮೆಂಟ್ ಅಂತ ದೊಡ್ಡ ಮೊತ್ತ ಸೇರುತ್ತದೆ. ಇದು ಬೆಲೆಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಮೊದಲೇ ಕೇಳಿ. ನಾಲ್ಕು ರಾತ್ರಿ ಕ್ಯಾಂಪು, ನೈರೋಬಿಯಲ್ಲಿ ಎರಡು ರಾತ್ರಿ, ಚಿಕ್ಕ ವಿಮಾನ, ಒಂದು ದಿನದ ಮೀಸಲು ಪ್ರದೇಶದ ಟಿಕೆಟ್, ಜಿಎಸ್‌ಟಿ ಸೇರಿ ಬೆಂಗಳೂರಿನ ಏಜೆಂಟರಿಗೆ ಇಬ್ಬರಿಗೆ ₹7.15 ಲಕ್ಷ ಕೊಟ್ಟೆ. ಅದರ ಮೇಲೆ ಟಿಸಿಎಸ್, ಅಂದರೆ ಏಜೆಂಟರೇ ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, 2025ರ ದರದಲ್ಲಿ 5%, ₹35,750. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಬಿಲ್ ನೋಡಿ ಎದೆ ಧಸಕ್ ಅಂದಿತು. ಇದು ಹೋದ ದುಡ್ಡಲ್ಲ. ನಿಮ್ಮ ಪಾನ್ ಹೆಸರಿಗೆ ಜಮೆ ಆಗುತ್ತದೆ, ರಿಟರ್ನ್ಸ್ ಹಾಕುವಾಗ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಆ ಕ್ಷಣಕ್ಕೆ ಕೈಯಲ್ಲಿ ಇರಬೇಕು. ಬೆಂಗಳೂರಿನಿಂದ ಮುಂಬೈ ಮೇಲೆ ನೈರೋಬಿಗೆ ಹೋಗಿ ಬರುವ ಟಿಕೆಟ್ ಇಬ್ಬರಿಗೆ ₹1.08 ಲಕ್ಷ. ವಿಮೆ, ಲಸಿಕೆ, ಇಟಿಎ ಅನ್ನುವ ಪ್ರವೇಶದ ಅನುಮತಿ, ಟಿಪ್ಸ್ ಎಲ್ಲ ಸೇರಿ ಟಿಸಿಎಸ್ ಬಿಟ್ಟು ₹8.7 ಲಕ್ಷ ಮುಟ್ಟಿತು. ಮೂರು ವರ್ಷ ಆರ್‌ಡಿ ಕಟ್ಟಿದ್ದೆ, ಅದು ಪೂರ್ತಿ ಇದಕ್ಕೇ ಹೋಯಿತು.

ಇನ್ನು ಹಳದಿ ಜ್ವರದ ಲಸಿಕೆ. ಇಡೀ ಪ್ರಯಾಣದಲ್ಲಿ ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದು ಇದೊಂದೇ.

ಕೀನ್ಯಾದಿಂದ ವಾಪಸ್ ಬರುವವರ ಹತ್ತಿರ ಈ ಲಸಿಕೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ನಮ್ಮ ದೇಶದಲ್ಲೇ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಎಲ್ಲ ಆಸ್ಪತ್ರೆಯಲ್ಲೂ ಇದು ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಒಂದು ಬಾಟಲಿಯಲ್ಲಿ ಹಲವು ಜನರಿಗಾಗುವ ಲಸಿಕೆ ಇರುತ್ತದೆ, ತೆರೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಸಂಖ್ಯೆಯ ಜನರಿಗೆ ಮಾತ್ರ ಕೊಡುತ್ತಾರೆ. ನಮಗೆ ಸ್ಲಾಟ್ ಸಿಕ್ಕಿದ್ದು ಹದಿನೆಂಟು ದಿನ ಕಾದ ಮೇಲೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಕೂತೆವು. ಅಪ್ಪನ ಸರದಿ ಬಂದಾಗ ಡಾಕ್ಟರ್ ವಯಸ್ಸು ನೋಡಿ ಪೆನ್ ಕೆಳಗಿಟ್ಟರು. ಇದು ಜೀವಂತ ವೈರಸ್ಸನ್ನು ದುರ್ಬಲ ಮಾಡಿ ತಯಾರಿಸಿದ ಲಸಿಕೆ. 60 ದಾಟಿದವರಿಗೆ ಅಪರೂಪಕ್ಕಾದರೂ ಗಂಭೀರ ತೊಂದರೆಯ ಸಾಧ್ಯತೆ ಜಾಸ್ತಿ. ಮೊದಲು ನಿಮ್ಮ ಫಿಜಿಷಿಯನ್‌ರಿಂದ ಪರೀಕ್ಷೆ ಮಾಡಿಸಿ ಪತ್ರ ತನ್ನಿ ಅಂದರು. ಅಪ್ಪನಿಗೆ ಬಿಪಿ ಬಿಟ್ಟರೆ ಬೇರೇನಿಲ್ಲ. ಆದರೂ ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. ನನ್ನ ಆಸೆಗೆ ಅಪ್ಪನ ಜೀವಕ್ಕೆ ಏನಾದರೂ ಆದರೆ? ಬಸ್ಸಿನಲ್ಲಿ ಬರುವಾಗ, ಬೇಡ ಬಿಡಪ್ಪ, ಗಿರ್‌ಗೇ ಹೋಗೋಣ ಅಂದೆ. ಅವರು ಕಿಟಕಿಯಿಂದ ತಲೆ ತಿರುಗಿಸದೆ, "ಡಾಕ್ಟ್ರು ಬೇಡ ಅಂದ್ರೆ ಬೇಡ. ಅವರು ಅನ್ನೋ ತನಕ ನೀನು ಅನ್ನಬೇಡ ಕಣಮ್ಮ" ಅಂದರು.

ನಮ್ಮ ಡಾಕ್ಟರ್ ರಕ್ತಪರೀಕ್ಷೆ, ಇಸಿಜಿ ಮಾಡಿಸಿ, ಮೊಟ್ಟೆಯ ಅಲರ್ಜಿ ಇದೆಯಾ, ಥೈಮಸ್ ಗ್ರಂಥಿಯ ಕಾಯಿಲೆ ಆಗಿತ್ತಾ ಅಂತೆಲ್ಲ ಕೇಳಿ, ಅಪಾಯ ಎಷ್ಟು ಅಂತ ಅಪ್ಪನಿಗೇ ನೇರವಾಗಿ ವಿವರಿಸಿ ಪತ್ರ ಬರೆದುಕೊಟ್ಟರು. ಮತ್ತೆ ಸ್ಲಾಟ್, ಮತ್ತೆ ಹನ್ನೆರಡು ದಿನ. ಲಸಿಕೆ ಆಯಿತು. ಎರಡು ದಿನ ಮೈಕೈ ನೋವು, ಸಣ್ಣ ಜ್ವರ, ಅಷ್ಟೆ. ನಾನು ಮಾತ್ರ ಹತ್ತು ದಿನ ಅವರ ಹಣೆ ಮುಟ್ಟಿ ನೋಡುತ್ತಲೇ ಇದ್ದೆ.

ಮನೆಗೆ ಬಂದು ಲಸಿಕೆಯ ಸರ್ಟಿಫಿಕೇಟ್ ಇರುವ ಹಳದಿ ಪುಸ್ತಕ ತೆರೆದರೆ ನನ್ನ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಂಕಿ ತಪ್ಪು. ಕೈಬರಹ, 3 ಇರಬೇಕಾದಲ್ಲಿ 8. ಇನ್ನೊಂದು ದಿನ ರಜೆ ಹಾಕಿ ತಿದ್ದಿಸಿಕೊಂಡು ಬಂದೆ. ಕೌಂಟರ್ ಬಿಡುವ ಮೊದಲು ಹೆಸರು, ಪಾಸ್‌ಪೋರ್ಟ್ ನಂಬರ್, ಲಸಿಕೆಯ ಬ್ಯಾಚ್, ಮೊಹರು, ಸಹಿ ಐದನ್ನೂ ನೋಡಿಕೊಳ್ಳಿ. ಲಸಿಕೆ ಹಾಕಿಸಿದ ಹತ್ತನೇ ದಿನದಿಂದ ಸರ್ಟಿಫಿಕೇಟ್ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಹಾಗಾಗಿ ಕನಿಷ್ಠ ಎರಡು ತಿಂಗಳು ಮುಂಚೆ ಶುರು ಮಾಡಿ. ಮನೆಯಲ್ಲಿ 60 ದಾಟಿದವರಿದ್ದರೆ ಟಿಕೆಟ್ ಬುಕ್ ಮಾಡುವ ಮೊದಲೇ ಡಾಕ್ಟರ್ ಹತ್ತಿರ ಹೋಗಿ.

ಇಟಿಎ ಸುಲಭ. ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಇದನ್ನು ತಂದಿದೆ. ಆನ್‌ಲೈನ್‌ನಲ್ಲೇ ಪಾಸ್‌ಪೋರ್ಟ್, ಫೋಟೊ, ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಹಾಕಿ 30 ಡಾಲರ್ ಕಟ್ಟಿದೆವು, ಮೇಲೆ ಸ್ವಲ್ಪ ಕಾರ್ಡ್ ಚಾರ್ಜು. ಮೂರು ದಿನದಲ್ಲಿ ಬಂತು.

ಪ್ಯಾಕಿಂಗ್ ಬಗ್ಗೆ ಮಾತ್ರ ನಿಂತು ಹೇಳಬೇಕು. ನೈರೋಬಿಯಿಂದ ಮಾರಾಗೆ ಹೋಗುವ ಚಿಕ್ಕ ವಿಮಾನದಲ್ಲಿ ಒಬ್ಬರಿಗೆ 15 ಕಿಲೋ, ಕೈಚೀಲ, ಕ್ಯಾಮೆರಾ ಎಲ್ಲ ಸೇರಿ. ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ಮೆತ್ತಗಿನ ಚೀಲವೇ ಬೇಕು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕವರ್ ನಿಷೇಧ. ಅಪ್ಪ ಮಾತ್ರೆ, ಚಟ್ನಿಪುಡಿ, ಒಗೆದ ಬಟ್ಟೆ ಎಲ್ಲವನ್ನೂ ಕವರಿನಲ್ಲೇ ಕಟ್ಟಿಡುವವರು. ಎಲ್ಲ ಬಿಚ್ಚಿ ಬಟ್ಟೆ ಚೀಲಕ್ಕೆ ಹಾಕಿದೆ. ಸೈನಿಕರ ಥರದ ಚುಕ್ಕೆ ಚುಕ್ಕೆ ಬಟ್ಟೆಯನ್ನು ಅಲ್ಲಿ ಸಾಮಾನ್ಯ ಜನ ಹಾಕುವಂತಿಲ್ಲ, ಅಪ್ಪನ ಅಂಥದ್ದೊಂದು ಟೋಪಿ ಮನೆಯಲ್ಲೇ ಉಳಿಯಿತು. ಅವರ ಹಳೆ ಖಾಕಿ ಅಂಗಿಗಳು ಸರಿಯಾಗಿ ಉಪಯೋಗಕ್ಕೆ ಬಂದವು. ಸ್ವೆಟರ್, ಮಂಕಿಕ್ಯಾಪ್ ಬೇಕೇ ಬೇಕು. ಮಾರಾ ಎತ್ತರದ ಜಾಗ, ಬೆಳಗಿನ ಜಾವ ತೆರೆದ ಗಾಡಿಯಲ್ಲಿ ಕೈ ಮರಗಟ್ಟುತ್ತದೆ. ಪ್ಲಗ್ ಇಂಗ್ಲೆಂಡಿನ ಥರದ ಚೌಕ ಮೂರು ಪಿನ್ನಿನದು.

ಮುಂಬೈನಲ್ಲಿ ನಮ್ಮ ವಿಮಾನ ಮೂರು ಗಂಟೆ ತಡ. ನೈರೋಬಿ ಮುಟ್ಟುವಾಗ ಮಧ್ಯಾಹ್ನದ ಚಿಕ್ಕ ವಿಮಾನ ಹೋಗಿಯಾಗಿತ್ತು. ಪುಣ್ಯಕ್ಕೆ ಅವತ್ತು ರಾತ್ರಿ ಅಲ್ಲೇ ಉಳಿಯುವ ಹಾಗೆ ಬುಕ್ ಮಾಡಿದ್ದೆ. ಒಂದೇ ದಿನದಲ್ಲಿ ಎರಡನ್ನೂ ಜೋಡಿಸಬೇಡಿ. ದೊಡ್ಡ ವಿಮಾನ ಇಳಿಯುವುದು ಒಂದು ಕಡೆ, ಸಫಾರಿಯ ವಿಮಾನ ಹತ್ತುವುದು ವಿಲ್ಸನ್ ಅನ್ನುವ ಬೇರೆ ನಿಲ್ದಾಣದಲ್ಲಿ. ನಡುವೆ ನೈರೋಬಿಯ ಟ್ರಾಫಿಕ್.

ವಿಲ್ಸನ್‌ನಲ್ಲಿ ಚೀಲಗಳನ್ನು ತೂಗಿದರು. ನಮ್ಮದು ಇಬ್ಬರದೂ ಸೇರಿ 31. ಒಂದು ಕಿಲೋ ಜಾಸ್ತಿ. ಅಪ್ಪ ಜಾಕೆಟ್ ತೆಗೆದು ಹಾಕಿಕೊಂಡರು, ಸರಿಹೋಯಿತು. ಹನ್ನೆರಡು ಸೀಟಿನ ಸೆಸ್ನಾ. ಪೈಲಟ್ ನಮ್ಮ ಮುಂದೆಯೇ ಕೂತಿದ್ದಾನೆ, ಅವನ ಮುಂದಿನ ಗಾಜಿನಿಂದ ನಮಗೂ ಕಾಣುತ್ತದೆ. ಮುಕ್ಕಾಲು ಗಂಟೆಯ ದಾರಿ, ನಡುವೆ ಎರಡು ಮಣ್ಣಿನ ರನ್‌ವೇಗಳಲ್ಲಿ ಇಳಿದು ಹತ್ತಿತು. ನಮ್ಮದು ಮೂರನೆಯದು. ಇಳಿಯುವ ಮೊದಲು ಒಂದು ಜೀಪು ರನ್‌ವೇ ಉದ್ದಕ್ಕೂ ಓಡಿ ಜೀಬ್ರಾಗಳನ್ನು ಪಕ್ಕಕ್ಕೆ ಅಟ್ಟಿತು. ಆ ಜೀಪೇ ನಮ್ಮದು.

ಕ್ಯಾಂಪು ಅಂದರೆ ಹೊಳೆದಂಡೆಯ ಮರಗಳ ಕೆಳಗೆ ಎಂಟು ಟೆಂಟು. ಬೇಲಿ ಇಲ್ಲ. ಟೆಂಟ್ ಅಂದರೂ ಒಳಗೆ ಮಂಚ, ಬರೆಯುವ ಮೇಜು, ಹಿಂದೆ ಬಚ್ಚಲು. ಸ್ನಾನಕ್ಕೆ ಎಷ್ಟು ಗಂಟೆಗೆ ಅಂತ ಹೇಳಿದರೆ ಒಬ್ಬರು ಹಿಂದಿನಿಂದ ಬಂದು ಮೇಲೆ ತೂಗುಹಾಕಿದ ಕ್ಯಾನ್ವಾಸ್ ಚೀಲಕ್ಕೆ ಬಿಸಿನೀರು ತುಂಬುತ್ತಾರೆ. ಸುಮಾರು ಇಪ್ಪತ್ತು ಲೀಟರ್. ಸರಪಳಿ ಎಳೆದು ಮೈ ನೆನೆಸಿ, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಎಳೆಯಬೇಕು. ಅಪ್ಪ ಅರ್ಧ ಚೀಲದಲ್ಲಿ ಮುಗಿಸುತ್ತಿದ್ದರು. ಕತ್ತಲಾದ ಮೇಲೆ ಟೆಂಟಿನಿಂದ ಊಟದ ಜಾಗಕ್ಕೂ ಒಬ್ಬರೇ ಹೋಗುವಂತಿಲ್ಲ, ಟಾರ್ಚ್ ತೋರಿಸಿದರೆ ಅಸ್ಕರಿ ಅನ್ನುವ ಕಾವಲುಗಾರ ಬಂದು ಕರೆದೊಯ್ಯುತ್ತಾರೆ. ಮಲಗುವಾಗ ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿರುತ್ತಾರೆ.

ಮೊದಲ ರಾತ್ರಿ ಎರಡು ಗಂಟೆ ಇರಬಹುದು. ಎಚ್ಚರವಾಯಿತು. ಅಪ್ಪ ಮಂಚದ ಮೇಲೆ ಎದ್ದು ಕೂತಿದ್ದರು, ಶಾಲು ಹೊದ್ದು. ದೂರದಿಂದ ಸಿಂಹದ ಕೂಗು. ಸಿನಿಮಾದಲ್ಲಿ ಕೇಳುವ ಘರ್ಜನೆಯ ಹಾಗಿಲ್ಲ. ಹೊಟ್ಟೆಯ ಆಳದಿಂದ ನರಳಿದ ಹಾಗೆ ಶುರುವಾಗಿ, ಜೋರಾಗಿ, ಆಮೇಲೆ ಗರಗಸದ ಹಾಗೆ ಚಿಕ್ಕದಾಗುತ್ತಾ ನಿಲ್ಲುತ್ತದೆ. ಅಪ್ಪ ಬೆರಳು ಮಡಚಿ ಎಣಿಸುತ್ತಿದ್ದರು. ನಾನು ಮಾತಾಡಲಿಲ್ಲ. ಬೆಳಿಗ್ಗೆ ಅವರ ಪಾಕೆಟ್ ಡೈರಿಯಲ್ಲಿ ನೋಡಿದೆ, "02.10, ಸಿಂಹ, ಪೂರ್ವ ದಿಕ್ಕು, ಏಳು ಸಲ" ಅಂತ ಬರೆದಿದ್ದರು. ಬೀಟಿನಲ್ಲಿದ್ದಾಗ ಬರೆಯುತ್ತಿದ್ದ ರೀತಿಯಲ್ಲೇ.

ನಮ್ಮ ಗೈಡ್ ಮಸಾಯಿಯವರು, ಅವರ ಮನೆಯ ಜಮೀನೂ ಈ ಕನ್ಸರ್ವೆನ್ಸಿಯಲ್ಲಿದೆ. ಎರಡನೇ ದಿನ ನಡಿಗೆಗೆ ಕರೆದುಕೊಂಡು ಹೋದರು. ಒಣಗಿದ ಹಳ್ಳದ ಮರಳಿನ ಹತ್ತಿರ ಅಪ್ಪ ತಟ್ಟನೆ ಕುಕ್ಕರುಗಾಲಲ್ಲಿ ಕೂತರು. ಹೆಜ್ಜೆ. ಗೈಡೂ ಎದುರಿಗೆ ಕೂತರು. ಅಪ್ಪ ಬೆರಳಿನಿಂದ ಗಾಳಿಯಲ್ಲೇ ಅದರ ಸುತ್ತ ಗೆರೆ ಎಳೆದು, ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಅಳೆದು, ನನ್ನ ಕಡೆ ನೋಡಿ "ಹೆಣ್ಣು ಅಂತ ಹೇಳು" ಅಂದರು. ನಾನು ಬಾಯಿ ತೆರೆಯುವ ಮೊದಲೇ ಗೈಡ್ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು. ಅಪ್ಪನ ಕಾಲದಲ್ಲಿ ಹುಲಿ ಗಣತಿಗೆ ಹೆಜ್ಜೆಯ ಮೇಲೆ ಗಾಜು ಇಟ್ಟು, ಟ್ರೇಸಿಂಗ್ ಪೇಪರಿನಲ್ಲಿ ಗೆರೆ ತೆಗೆಯುತ್ತಿದ್ದರು. ಗಂಡಾದರೆ ಚೌಕ, ಹೆಣ್ಣಾದರೆ ಸ್ವಲ್ಪ ಉದ್ದ ಅಂತ ಲೆಕ್ಕ. ಗೈಡ್ ಹೆಜ್ಜೆಯ ಅಂಚಿನ ಮರಳಿನ ಒಂದು ಕಾಳನ್ನು ಹುಲ್ಲುಕಡ್ಡಿಯಿಂದ ಮುಟ್ಟಿ ಉದುರಿಸಿ ತೋರಿಸಿದರು. ಅಂಚು ಇನ್ನೂ ಚೂಪಾಗಿದೆ, ಇಬ್ಬನಿ ಬಿದ್ದ ಮೇಲೆ ನಡೆದದ್ದು. ಅಪ್ಪ ತಲೆಯಾಡಿಸಿದರು. ಅಲ್ಲಿಂದ ಮುಂದೆ ಇಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ. ಸ್ವಾಹಿಲಿಯಲ್ಲಿ ಸಿಂಹಕ್ಕೆ ಸಿಂಬಾ. ಒಬ್ಬರು ಸಿಂಬಾ ಅನ್ನುವುದು, ಇನ್ನೊಬ್ಬರು ಸಿಂಹ ಅನ್ನುವುದು, ಹೀಗೇ ನಡೆಯಿತು.

ಸಂಜೆ ಆ ಹೆಜ್ಜೆಯ ಸಿಂಹದ ಗುಂಪೇ ಸಿಕ್ಕಿತು. ಐದು ಹೆಣ್ಣು, ನಾಲ್ಕು ಮರಿ. ಬಂಗಾರದ ಬಣ್ಣದ ಹುಲ್ಲು, ಅದೇ ಬಣ್ಣದ ಮೈ. ಒಂದು ಎದ್ದು ನಮ್ಮ ಗಾಡಿಯ ನೆರಳಿಗೆ ಬಂದು, ಅಪ್ಪ ಕೂತಿದ್ದ ಕಡೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಮಲಗಿತು. ಉಸಿರು ಕೇಳುತ್ತಿತ್ತು. ಕಿವಿಯ ಅಂಚಿನಲ್ಲಿ ಹಳೆ ಗಾಯ, ಅದರ ಸುತ್ತ ನೊಣ. ನಾನು ಫೋಟೊ ತೆಗೆಯಲಿಲ್ಲ, ಅಪ್ಪನ ಮುಖ ನೋಡುತ್ತಿದ್ದೆ. ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಅವತ್ತು ಬೆಂಕಿಯ ಹತ್ತಿರ ಕೂತಾಗ ಅಪ್ಪ ಒಂದು ಪ್ರಶ್ನೆ ಕೇಳಿಸಿದರು. ಇಲ್ಲಿದ್ದ ಜನ ಎಲ್ಲಿಗೆ ಹೋದರು? ಗೈಡ್ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಕೆಲವು ಮನೆಗಳು ಅಂಚಿಗೆ ಸರಿಯಬೇಕಾಯಿತು, ಅದು ಸುಲಭವಿರಲಿಲ್ಲ. ಆದರೆ ಜಮೀನು ಈಗಲೂ ನಮ್ಮ ಹೆಸರಲ್ಲೇ ಇದೆ, ಬಾಡಿಗೆ ಬರುತ್ತದೆ, ಗೊತ್ತುಮಾಡಿದ ಜಾಗದಲ್ಲಿ ಸರದಿಯ ಮೇಲೆ ದನ ಮೇಯಿಸುತ್ತೇವೆ. ಅಪ್ಪ ನಾಗರಹೊಳೆಯ ಹಾಡಿಗಳನ್ನು ಖಾಲಿ ಮಾಡಿಸುವುದನ್ನು ಕಣ್ಣಾರೆ ನೋಡಿದವರು. ಜೇನುಕುರುಬರ ಎಷ್ಟೋ ಮನೆಗಳ ಹೆಸರು ಅವರಿಗೆ ಇವತ್ತಿಗೂ ನೆನಪಿದೆ. "ಜಾಗ ಅವರದ್ದೇ ಅಂತ ಕಾಗದದಲ್ಲಿ ಇದೆಯಂತಾ? ಸರಿಯಾಗಿ ಕೇಳು" ಅಂದರು. ಇದೆ ಅಂದೆ. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ನೀವು ಇಷ್ಟು ದುಡ್ಡು ಕೊಡುವಾಗ ಅದರಲ್ಲಿ ನೆಲದ ಬಾಡಿಗೆ ಯಾರಿಗೆ, ಎಷ್ಟು ಹೋಗುತ್ತದೆ ಅಂತ ಬುಕ್ ಮಾಡುವಾಗಲೇ ಕೇಳಿ. ಒಳ್ಳೆಯ ಕ್ಯಾಂಪಿನವರು ಬಿಡಿಸಿ ಹೇಳುತ್ತಾರೆ.

ಊಟದ ಬಗ್ಗೆ ಭಯ ಬೇಡ, ಚಪಾತಿ, ಚಾಯ್ ಅಲ್ಲಿಯೂ ಅದೇ ಹೆಸರಿನಲ್ಲಿ ಸಿಗುತ್ತದೆ. ಮುಸುಕಿನ ಜೋಳದ ಹಿಟ್ಟಿನ ಉಗಾಲಿ ನೋಡಿ ಅಪ್ಪ ಮುದ್ದೆ ಅಂದರು. ನಮ್ಮಲ್ಲಿ ಇದನ್ನು ರಾಗಿಯಲ್ಲಿ ಮಾಡುತ್ತೇವೆ ಅಂತ ಅಡುಗೆಯವರಿಗೆ ಫೋನಿನಲ್ಲಿ ರಾಗಿತೆನೆಯ ಚಿತ್ರ ತೋರಿಸಿದೆ. ವಿಂಬಿ ಅಂದರು, ನಕ್ಕರು. ಮಾರನೆಯ ದಿನ ಕಪ್ಪಗಿನ ಉಗಾಲಿ ಬಂತು, ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ರಾಗಿ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದಿಂದಲೇ ನಮ್ಮ ಕಡೆಗೆ ಬಂದದ್ದು. ಅಪ್ಪ ತುತ್ತು ಮುರಿದು, ಬೇಳೆಯಲ್ಲಿ ಅದ್ದಿ ನುಂಗಿದರು. ಅಡುಗೆಯವರು ಅಗಿಯದೆ ನುಂಗುವುದನ್ನೇ ನೋಡುತ್ತಾ ನಿಂತಿದ್ದರು.

ಮೂರನೇ ದಿನ ಮೀಸಲು ಪ್ರದೇಶದೊಳಗೆ ಮಾರಾ ನದಿಗೆ ಹೋದೆವು, ವಿಲ್ಡೆಬೀಸ್ಟ್‌ಗಳು ದಾಟುವುದನ್ನು ನೋಡಲು. ಟಿಕೆಟ್ ಜುಲೈನಿಂದ ಡಿಸೆಂಬರ್‌ವರೆಗೆ ಒಬ್ಬರಿಗೆ ದಿನಕ್ಕೆ 200 ಡಾಲರ್, ವರ್ಷದ ಮೊದಲ ಆರು ತಿಂಗಳು 100. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ದಂಡೆಯಲ್ಲಿ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಕಾದೆವು. ಸಾವಿರಾರು ಪ್ರಾಣಿ ಬಂದು ಅಂಚಿನಲ್ಲಿ ನಿಂತವು. ಮುಂದಿನದು ನೀರಿಗೆ ಮೂಗು ಚಾಚಿತು. ಅಷ್ಟರಲ್ಲಿ ಎರಡು ಗಾಡಿಗಳು ಒಳ್ಳೆಯ ಜಾಗ ಹಿಡಿಯಲು ಅವುಗಳ ದಾರಿಗೇ ನುಗ್ಗಿದವು. ಹಿಂಡು ತಿರುಗಿ ಓಡಿತು. ಧೂಳು. ನನಗೆ ಅಳುವೇ ಬಂತು, ದುಡ್ಡಿಗಾಗಿ ಅಲ್ಲ, ಆ ಪ್ರಾಣಿಗಳ ಕಣ್ಣು ನೋಡಿ. ಅಪ್ಪನಿಗೆ ಎಷ್ಟು ಕೋಪ ಬಂದಿತ್ತು ಅಂದರೆ ವಾಪಸ್ ಬರುವವರೆಗೆ ಆ ಗಾಡಿಗಳ ನಂಬರ್ ಬರೆದ ಚೀಟಿ ಕೈಯಲ್ಲೇ ಇತ್ತು. ಗೇಟಿನಲ್ಲಿ ರೇಂಜರ್ ಕೈಗೆ ಕೊಟ್ಟೇ ಬಂದರು. ನಿಮ್ಮ ಹತ್ತಿರ ನಾಲ್ಕೇ ದಿನ ಇದ್ದರೆ ನದಿಗಾಗಿ ಒಂದು ದಿನ ಕಳೆಯಬೇಡಿ ಅನ್ನುತ್ತೇನೆ. ನಾನು ಮತ್ತೆ ಹೋದರೆ ಆ 400 ಡಾಲರ್ ಉಳಿಸಿ ಕನ್ಸರ್ವೆನ್ಸಿಯಲ್ಲೇ ಇರುತ್ತೇನೆ.

ಟಿಪ್ಸ್ ಅನ್ನು ಗೈಡ್‌ಗೆ ಬೇರೆ, ಉಳಿದ ಕೆಲಸದವರಿಗೆಲ್ಲ ಸೇರಿ ಡಬ್ಬಿಯಲ್ಲಿ ಬೇರೆ ಹಾಕುವ ಪದ್ಧತಿ. ನಾವು ಒಟ್ಟು 240 ಡಾಲರ್ ಕೊಟ್ಟೆವು. ಹೊಸ ನೋಟುಗಳನ್ನೇ ಒಯ್ಯಿರಿ, ಹಳೆಯ, ಹರಿದ ಡಾಲರ್ ತೆಗೆದುಕೊಳ್ಳುವುದಿಲ್ಲ. ಹೊರಡುವಾಗ ಗೈಡ್ ಅಪ್ಪನಿಗೆ ಶುಕಾ ಅನ್ನುವ ಮಸಾಯಿಗಳ ಕೆಂಪು ಹೊದಿಕೆ ಹೊದಿಸಿದರು. ಅಪ್ಪ ತಮ್ಮ ಇಲಾಖೆಯ ಹಳೆ ಸೀಟಿ ಅವರ ಕೈಗೆ ಕೊಟ್ಟರು. ಅದನ್ನು ತಂದಿದ್ದರು ಅಂತಲೇ ನನಗೆ ಗೊತ್ತಿರಲಿಲ್ಲ.

ಮುಂಬೈನಲ್ಲಿ ಇಮಿಗ್ರೇಷನ್‌ಗೂ ಮೊದಲು ಆರೋಗ್ಯದ ಕೌಂಟರ್. ಹಳದಿ ಪುಸ್ತಕ ಕೇಳಿದರು, ನಂಬರ್ ತಾಳೆ ನೋಡಿ ಬಿಟ್ಟರು. ನಮ್ಮ ಪಕ್ಕದ ಸಾಲಿನಲ್ಲಿ ಒಬ್ಬರು ಪುಸ್ತಕವನ್ನು ಚೆಕ್‌-ಇನ್ ಬ್ಯಾಗಿನಲ್ಲಿ ಇಟ್ಟಿದ್ದರಂತೆ, ಪಕ್ಕಕ್ಕೆ ನಿಲ್ಲಿಸಿದ್ದರು. ಅದು ಕೈಯಲ್ಲೇ ಇರಲಿ.

ಮಲೇರಿಯಾಕ್ಕೆ ನಮ್ಮ ಡಾಕ್ಟರ್ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಬಂದ ಮೇಲೂ ನಾಲ್ಕು ವಾರ ಬಿಡದೆ ನುಂಗಬೇಕು, ಊರಿಗೆ ಬಂದೆವಲ್ಲ ಅಂತ ನಿಲ್ಲಿಸಬಾರದು. ಅಪ್ಪ ಹುಣಸೂರಿನ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೆರೆ ಹಾಕುತ್ತಿದ್ದಾರೆ. ಇನ್ನು ಹನ್ನೊಂದು ದಿನದ ಮಾತ್ರೆ ಇದೆ. ನಿನ್ನೆ ರಾತ್ರಿ ಫೋನ್ ಮಾಡಿದಾಗ ಮಾತ್ರೆ ತಗೊಂಡ್ರಾ ಅಂತ ಕೇಳಿದೆ. ತಗೊಂಡೆ ಅಂದರು, ಆಮೇಲೆ, "ಆ ಕಿವಿ ಗಾಯದ ಹೆಣ್ಣು ಇತ್ತಲ್ಲ, ಅದಕ್ಕೆ ಮರಿ ಎರಡಾ, ಮೂರಾ? ಡೈರೀಲಿ ಬರೆಯೋಕೆ ಬಿಟ್ಟಿದೀನಿ" ಅಂದರು. ನನಗೂ ನೆನಪಿರಲಿಲ್ಲ. ಗೈಡ್‌ಗೆ ವಾಟ್ಸಾಪ್ ಮಾಡಿ ಕೇಳಿದ್ದೇನೆ.